ಅಕ್ಕಡಿ ಸಾಲಿನಿಂದ ಚೆಂಡು ಹೂವಿನ ಸಾಲಿಗೆ

ಸ್ಮರಣ ಸಂಚಿಕೆ ಸಮಿತಿಯವರು ನಮ್ಮನ್ನು ಕೇಳಿದ್ದು ಚರಿತ್ರೆಯ ಒಂದು ಲೇಖನ. ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಶುಭ ಸಂದರ್ಭದಲ್ಲಿ ಅಧ್ಯಕ್ಷರಾದವರ ಪಟ್ಟಿ, ಷೇರು ಬಂಡವಾಳ, ಠೇವಣಿ, ಗೋದಾಮು ಕಟ್ಟಿದ ಕಥೆ ಎಲ್ಲವೂ ಬೇರೆ ಪುಟಗಳಲ್ಲಿ ಬಂದೇ ಬರುತ್ತವೆ. ಅದನ್ನೇ ನಾವೂ ಬರೆದರೆ ಕಾಗದ ದಂಡ. ಆದ್ದರಿಂದ ನಾವು ಆರಿಸಿಕೊಂಡಿರುವುದು ಹೊಲದೊಳಗಿನ ಚರಿತ್ರೆಯನ್ನು. ಒಂದು ಬೆಳೆಯ ಪಕ್ಕದಲ್ಲಿ ಇನ್ನೊಂದು ಗಿಡ ನಿಲ್ಲಿಸಿ ಹುಳು ತಡೆಯುವ ವಿದ್ಯೆ ಹೇಗೆ ಬಂತು, ಎಲ್ಲಿ ಕಳೆದುಹೋಯಿತು, ಮತ್ತೆ ಹೇಗೆ ಸಿಕ್ಕಿತು, ಸಿಕ್ಕಿದ ಮೇಲೂ ಯಾಕೆ ಕೈಜಾರಿತು ಎಂಬುದೇ ಆ ಕಥೆ.

ಇದು ಸಹಕಾರ ಸಂಘದ ಸಂಚಿಕೆಗೆ ಸಂಬಂಧ ಇಲ್ಲದ್ದು ಅಂತ ಯಾರಾದರೂ ಅಂದರೆ ಒಂದು ಮಾತು ನೆನಪಿಸುತ್ತೇವೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ರೈತ ಸಾಹುಕಾರನ ಬಡ್ಡಿಗೆ ಸಿಕ್ಕಿ ಹಾಕಿಕೊಳ್ಳಬಾರದು ಅಂತ. ಇವತ್ತು ನಮ್ಮ ತರಕಾರಿ ಬೆಳೆಗಾರ ಉದ್ರಿ ಬರೆಸುವುದು ಎಲ್ಲಿ? ಔಷಧಿ ಅಂಗಡಿಯಲ್ಲಿ. ಟೊಮ್ಯಾಟೊ ಮಂಡಿಯಲ್ಲಿ ಬಾಕ್ಸು ಇಳಿಸಿದ ದುಡ್ಡು ಮನೆಗೆ ಬರುವ ಮೊದಲೇ ಅಂಗಡಿಯವನ ಪುಸ್ತಕಕ್ಕೆ ಹೋಗಿರುತ್ತದೆ. ಸಾಹುಕಾರ ಅಂಗಿ ಬದಲಾಯಿಸಿದ್ದಾನೆ, ಅಷ್ಟೆ. ಹಾಗಾಗಿ ಹುಳುವಿನ ಕಥೆ ಸಾಲದ ಕಥೆಯೂ ಹೌದು.

ನಮ್ಮ ಕಡೆ ರಾಗಿ ಹೊಲ ಎಂದರೆ ಬರೀ ರಾಗಿಯ ಹೊಲ ಆಗಿರಲಿಲ್ಲ. ಕೂರಿಗೆಯಲ್ಲಿ ರಾಗಿ ಬೀಳುತ್ತಾ ಹೋದಂತೆ ಹಿಂದೆ ಸಡ್ಡೆ ಕಟ್ಟಿಕೊಂಡು ಅಕ್ಕಡಿ ಬೀಜ ಬಿಡುತ್ತಿದ್ದರು. ಆರೆಂಟು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಅಲ್ಲೊಂದು ಇಲ್ಲೊಂದು ಜೋಳ. ಅಂಚಿನಲ್ಲಿ ಹರಳು, ಪುಂಡಿ. ಸಾಸಿವೆ ಮೊದಲು ಕೈಗೆ ಬರುತ್ತಿತ್ತು, ರಾಗಿ ಕೊಯ್ದ ಮೇಲೂ ಅವರೆ ತೊಗರಿ ಹೊಲದಲ್ಲೇ ನಿಂತು ಸೊನೆ, ಕಾಯಿ ಕೊಡುತ್ತಿದ್ದವು. ಜೋಳದ ತೆನೆಯ ಮೇಲೆ ಬಂದು ಕೂತ ಹಕ್ಕಿ ಸುಮ್ಮನೆ ಹೋಗುತ್ತಿರಲಿಲ್ಲ, ಕಣ್ಣಿಗೆ ಬಿದ್ದ ಹುಳುವನ್ನೂ ಹೆಕ್ಕುತ್ತಿತ್ತು. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು, ಕಣಜ, ನಾನಾ ಬಗೆಯ ಸಣ್ಣ ನೊಣ ಮುತ್ತುತ್ತಿದ್ದವು. ಆ ಕಣಜಗಳಲ್ಲಿ ಎಷ್ಟೋ ಜಾತಿಯವು ಬೇರೆ ಹುಳುಗಳ ಮೈಯಲ್ಲಿ ಮೊಟ್ಟೆ ಇಟ್ಟು ಅವನ್ನು ಕೊಲ್ಲುವಂಥವು.

ಇಲ್ಲಿ ಒಂದು ವಿಷಯ ನೇರವಾಗಿ ಹೇಳಬೇಕು. ಈಚೆಗೆ ಸಭೆ ಸಮಾರಂಭಗಳಲ್ಲಿ ಅಕ್ಕಡಿಯ ಬಗ್ಗೆ ಭಾಷಣ ಮಾಡುವವರು ನಮ್ಮ ಪೂರ್ವಿಕರು ಕೀಟಶಾಸ್ತ್ರ ಓದಿಕೊಂಡಿದ್ದವರಂತೆ ಮಾತಾಡುತ್ತಾರೆ. ನಮ್ಮೂರಿನ ಹಿರಿಯರೊಬ್ಬರನ್ನು ಕೇಳಿದಾಗ ಅವರು ನಕ್ಕು, "ಹುಳಕ್ಕೆ ಅಂತ ಯಾರ್ ಹಾಕ್ತಿದ್ರಪ್ಪಾ? ರಾಗಿ ಹೋದ್ರೆ ಹುರುಳಿಯಾದ್ರೂ ಇರ್ಲಿ, ಒಗ್ಗರಣೆಗೆ ಸಾಸಿವೆ ಅಂಗ್ಡೀಲ್ ತರೋದ್ ಬ್ಯಾಡ ಅಂತ ಹಾಕ್ತಿದ್ವಿ" ಎಂದರು. ಅದೇ ಸರಿಯಾದ ಮಾತು. ಮಳೆಯನ್ನು ನಂಬಿದವನು ಒಂದೇ ಬೆಳೆಯನ್ನು ನಂಬಬಾರದು ಎಂಬ ಲೆಕ್ಕದಲ್ಲಿ ಹುಟ್ಟಿದ್ದು ಅಕ್ಕಡಿ. ಹುಳು ಕಡಿಮೆ ಆದದ್ದು ಅದರ ಜೊತೆಗೆ ಬಂದ ಲಾಭ. ಉತ್ತರ ಕರ್ನಾಟಕದಲ್ಲಿ ಜೋಳದ ಹೊಲದ ಸುತ್ತ ಕುಸುಬೆ ಹಾಕುವುದು ಮುಳ್ಳಿಗೆ ಹೆದರಿ ದನ ಒಳಗೆ ಬಾರದಿರಲಿ ಅಂತ. ಧಾರವಾಡ, ಬ್ಯಾಡಗಿ ಸೀಮೆಯಲ್ಲಿ ಮೆಣಸಿನಕಾಯಿ, ಹತ್ತಿ, ಉಳ್ಳಾಗಡ್ಡಿ ಮೂರನ್ನೂ ಒಂದೇ ಹೊಲದಲ್ಲಿ ಬೆಳೆಯುತ್ತಿದ್ದದ್ದೂ ಇಂಥದೇ ಲೆಕ್ಕದಿಂದ.

ಹಾಗಾದರೆ ಮಿಶ್ರ ಬೆಳೆಯಲ್ಲಿ ಹುಳು ಯಾಕೆ ಕಡಿಮೆ? ಇದಕ್ಕೆ ಉತ್ತರ ಹುಡುಕಿದವರು ದೂರದವರು. 1972ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ತಾಹ್ವನೈನೆನ್ ಮತ್ತು ರೂಟ್ ಎಂಬ ಇಬ್ಬರು, ಕೋಸಿನ ಬಳಗದ ಕೊಲ್ಲಾರ್ಡ್ ಸೊಪ್ಪಿನ ನಡುವೆ ಟೊಮ್ಯಾಟೊ ನೆಟ್ಟರೆ ಸೊಪ್ಪನ್ನು ತೂತು ಮಾಡುವ ಪುಟ್ಟ ಜಿಗಿಯುವ ದುಂಬಿ ಕಡಿಮೆಯಾಗುತ್ತದೆ ಎಂದು ತೋರಿಸಿದರು. ಮರುವರ್ಷ ರೂಟ್ ಅವರು ಅದಕ್ಕೊಂದು ವಿವರಣೆ ಕೊಟ್ಟರು. ಒಂದೇ ಬೆಳೆ ತಿನ್ನುವ ಹುಳುವಿಗೆ ಅದೇ ಬೆಳೆ ಎಕರೆಗಟ್ಟಲೆ ರಾಶಿ ಬಿದ್ದಿದ್ದರೆ ಅದು ಬೇಗ ಜಾಗ ಹುಡುಕುತ್ತದೆ, ಬಂದ ಮೇಲೆ ಹೊರಡುವುದಿಲ್ಲ. ಮದುವೆ ಮನೆ ಊಟ ಬಿಟ್ಟು ಯಾರು ಎದ್ದು ಹೋಗುತ್ತಾರೆ ಅನ್ನುವ ಹಾಗೆ. 2000ದ ಹೊತ್ತಿಗೆ ಇಂಗ್ಲೆಂಡಿನ ವೆಲ್ಸ್‌ಬೋರ್ನ್ ಕೇಂದ್ರದ ಫಿಂಚ್ ಮತ್ತು ಕಾಲಿಯರ್ ಇನ್ನೊಂದು ವಿವರಣೆ ಸೇರಿಸಿದರು. ಹಾರುವ ಹುಳು ಕೋಸಿನ ವಾಸನೆ ಸಿಕ್ಕ ಕೂಡಲೇ ಹತ್ತಿರದ ಯಾವುದಾದರೂ ಹಸಿರಿನ ಮೇಲೆ ಇಳಿಯುತ್ತದಂತೆ. ಬರೀ ಮಣ್ಣಿನ ನಡುವೆ ಕೋಸು ಮಾತ್ರ ಇದ್ದರೆ ಇಳಿದದ್ದೆಲ್ಲ ಕೋಸಿನ ಮೇಲೇ. ನಡುವೆ ಬೇರೆ ಹಸಿರು ಇದ್ದರೆ ತಪ್ಪು ಗಿಡದ ಮೇಲೆ ಇಳಿದು, ಕಾಲಿನಿಂದ ರುಚಿ ನೋಡಿ, ಇದಲ್ಲ ಅಂತ ಹಾರುತ್ತದೆ. ಎರಡು ಮೂರು ಸಲ ಮೋಸ ಹೋದರೆ ಹೊಲವನ್ನೇ ಬಿಡುತ್ತದೆ. ಇದನ್ನು ಪರೀಕ್ಷಿಸಲು ಅಲ್ಲಿ ಹಸಿರು ಕಾಗದದ ಗಿಡಗಳನ್ನು ಸಹ ನಿಲ್ಲಿಸಿ ನೋಡಿದ್ದರು. ಕಾಗದವೂ ಕೆಲಸ ಮಾಡಿತು! ಬೆಳ್ಳುಳ್ಳಿ ವಾಸನೆಗೆ ಹುಳು ಓಡುತ್ತೆ, ತುಳಸಿ ವಾಸನೆಗೆ ಓಡುತ್ತೆ ಅಂತ ಖಡಾಖಂಡಿತವಾಗಿ ಹೇಳುವವರು ಈ ಕಾಗದದ ಗಿಡವನ್ನು ನೆನಪಿಡುವುದು ಒಳ್ಳೆಯದು. ವಾಸನೆಯ ಮಾತು ಪೂರಾ ಸುಳ್ಳು ಅಂತಲ್ಲ. ಪೂರಾ ನಿಜವೂ ಅಲ್ಲ.

ಇನ್ನು ತರಕಾರಿಗೆ ಬರೋಣ. ಅಕ್ಕಡಿಯ ಹೊಲದಲ್ಲಿ ಕೋಸು ಇರಲಿಲ್ಲ, ಟೊಮ್ಯಾಟೊವೂ ಇರಲಿಲ್ಲ. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಯಾದ ಮೇಲೆ ದೊರೆಗಳ ಊಟದ ಮೇಜಿಗೆ ಅವರ ತರಕಾರಿ ಬೇಕಾಯಿತು. ಎಲೆಕೋಸು, ಹೂಕೋಸು, ನವಿಲುಕೋಸು, ಬೀಟ್‌ರೂಟು, ಕ್ಯಾರೆಟ್ಟು ಹೀಗೆ ನಮ್ಮ ಕಡೆಯ ಬಾವಿ ತೋಟಗಳಿಗೆ ಇಳಿದವು. ಈಗಲೂ ನಮ್ಮ ಅಜ್ಜಿಯರ ಬಾಯಲ್ಲಿ ಅವು ಇಂಗ್ಲಿಷ್ ತರಕಾರಿಗಳೇ. ಬೆಳೆ ಬಂದ ಮೇಲೆ ಬೆಳೆಯ ಹುಳು ಬಾರದಿರುತ್ತದೆಯೇ? ಕೋಸಿನ ಎಲೆಯನ್ನು ಜರಡಿ ಮಾಡುವ ಪುಟ್ಟ ಹಸಿರು ಹುಳು ಎಲ್ಲರಿಗೂ ಗೊತ್ತು. ಮುಟ್ಟಿದರೆ ಮೈ ಕುಲುಕಿಸಿ ಹಿಂದಕ್ಕೆ ಹೊರಳಿ ನೂಲಿನಲ್ಲಿ ಜೋತು ಬೀಳುತ್ತದೆ. ಅದರ ಚಿಟ್ಟೆ ರೆಕ್ಕೆ ಮುಚ್ಚಿ ಕೂತಾಗ ಬೆನ್ನಿನ ಮೇಲೆ ವಜ್ರದ ಹರಳುಗಳ ಸಾಲಿನಂತೆ ಬಿಳಿ ಗುರುತು ಕಾಣುವುದರಿಂದ ವಜ್ರಬೆನ್ನಿನ ಚಿಟ್ಟೆ ಅನ್ನುತ್ತಾರೆ. ಭಾರತದಲ್ಲಿ ಈ ಕೀಟದ ದಾಖಲೆ 1914ರಲ್ಲೇ ಇದೆ. ಬಿಸಿಲು ದಿನಗಳಲ್ಲಿ ಎರಡು ಮೂರು ವಾರಕ್ಕೆ ಒಂದು ತಲೆಮಾರು ಮುಗಿಸುವ ಹುಳು ಇದು. ವರ್ಷಕ್ಕೆ ಎಷ್ಟು ತಲೆಮಾರು ಆಯಿತು, ಲೆಕ್ಕ ಹಾಕಿಕೊಳ್ಳಿ. ಈ ಲೆಕ್ಕ ಮುಂದೆ ಬೇಕಾಗುತ್ತದೆ.

1939ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಮ್ಯೂಲರ್ ಡಿಡಿಟಿಯ ಕೀಟನಾಶಕ ಗುಣ ಕಂಡುಹಿಡಿದರು, 1948ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಬಿಳಿ ಪುಡಿ ಎರಚಿದರೆ ಹುಳು ಉದುರುತ್ತಿತ್ತು. ಆದರೆ ಆ ಸಂತೋಷ ಎಷ್ಟು ದಿನ? 1950ರ ದಶಕದ ಆರಂಭದಲ್ಲೇ ಜಾವಾ ದ್ವೀಪದಲ್ಲಿ ಇದೇ ಕೋಸಿನ ಹುಳು ಡಿಡಿಟಿಗೆ ಬಗ್ಗದಾಯಿತು. ಬೆಳೆಯ ಹುಳುಗಳಲ್ಲಿ ಡಿಡಿಟಿಯನ್ನು ಮೊದಲು ಅರಗಿಸಿಕೊಂಡದ್ದು ಇದೇ. ನಮ್ಮ ದೇಶದಲ್ಲಿ 1966ರಲ್ಲಿ ಪಂಜಾಬಿನ ಲೂಧಿಯಾನಾದಲ್ಲಿ ಡಿಡಿಟಿಗೂ ಪ್ಯಾರಾಥಿಯಾನ್‌ಗೂ ಜಗ್ಗದ ಹುಳು ಕಂಡಿತು. 1990ರಲ್ಲಿ ಹವಾಯಿ ದ್ವೀಪದಿಂದ ಬಂದ ಸುದ್ದಿ ಇನ್ನೂ ಗಂಭೀರ. ಹುಳುವಿಗೆ ರೋಗ ತರುವ ಬ್ಯಾಕ್ಟೀರಿಯಾದಿಂದ ಮಾಡಿದ ಬಿಟಿ ಔಷಧಿಗೂ ಅಲ್ಲಿಯ ಹೊಲಗಳಲ್ಲಿ ಅದು ಒಗ್ಗಿಕೊಂಡಿತ್ತು. ತಲೆಮಾರಿನ ಲೆಕ್ಕ ಬೇಕಾಗುತ್ತದೆ ಎಂದದ್ದು ಇದಕ್ಕೇ. ಪ್ರತಿ ಸಲ ಹೊಡೆದಾಗ ಬದುಕಿ ಉಳಿದ ಗಟ್ಟಿ ಹುಳುವೇ ಮುಂದಿನ ಸಂತಾನಕ್ಕೆ ತಾಯಿ ತಂದೆ. ಬೇಗ ಬೇಗ ಸಂತಾನ ಆಗುವ ಹುಳು ಬೇಗ ಬೇಗ ಗಟ್ಟಿಯಾಗುತ್ತದೆ.

ನಮ್ಮ ಕಡೆಯ ಕೋಸಿನ ತೋಟಗಳಲ್ಲಿ ಇದು ಹೇಗೆ ಕಂಡಿತು ಎಂಬುದು ಹಿರಿಯ ಸದಸ್ಯರಿಗೆ ಗೊತ್ತೇ ಇದೆ. ಮೊದಲು ಹದಿನೈದು ದಿನಕ್ಕೊಂದು ಸಲ ಔಷಧಿ, ಆಮೇಲೆ ವಾರಕ್ಕೊಂದು, ಆಮೇಲೆ ವಾರಕ್ಕೆ ಎರಡು. ಒಂದರಲ್ಲಿ ಸಾಯದಿದ್ದರೆ ಎರಡು ಬಾಟ್ಲಿ ಬೆರೆಸಿ ಹೊಡೆಯುವುದು. ಬರಿಗಾಲಲ್ಲಿ, ಬರಿಮೈಯಲ್ಲಿ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಹೊಡೆದ ಹುಡುಗರಿಗೆ ಸಂಜೆ ತಲೆಸುತ್ತು, ವಾಂತಿ. "ಔಸ್ತಿ ಗಾಳಿ ಬಡೀತು, ಮಜ್ಜಿಗೆ ಕುಡ್ಸಿ" ಅನ್ನುವುದೇ ಚಿಕಿತ್ಸೆ. ಇನ್ನೂ ಒಂದು ಮಾತಿದೆ, ಹೇಳಿದರೆ ಕೆಲವರಿಗೆ ಬೇಸರ ಆಗಬಹುದು. ಮಂಡಿಗೆ ಹೋಗುವ ಸಾಲು ಬೇರೆ, ಮನೆಗೆ ಕೀಳುವ ಸಾಲು ಬೇರೆ ಅಂತ ಎಷ್ಟು ತೋಟಗಳಲ್ಲಿ ಇರಲಿಲ್ಲ?

ಈ ಹೊತ್ತಿನಲ್ಲೇ ಹೆಸರಘಟ್ಟದ ಕೆಲಸ ಬರುತ್ತದೆ. 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ನಮಗೆ ದೂರದ್ದೇನಲ್ಲ. ಅಲ್ಲಿನ ಕೀಟ ವಿಜ್ಞಾನಿಗಳಾದ ಕೆ. ಶ್ರೀನಿವಾಸನ್ ಮತ್ತು ಪಿ.ಎನ್. ಕೃಷ್ಣಮೂರ್ತಿ ಅವರು ಕೋಸಿನ ಚಿಟ್ಟೆಗೆ ಕೋಸಿಗಿಂತ ಹೆಚ್ಚು ಇಷ್ಟವಾದ ಗಿಡ ಯಾವುದು ಎಂಬ ಪ್ರಶ್ನೆ ಹಾಕಿಕೊಂಡರು. ಉತ್ತರ ನಮ್ಮ ಅಕ್ಕಡಿ ಸಾಲಿನಲ್ಲೇ ಇತ್ತು. ಸಾಸಿವೆ! ಕೋಸು, ಸಾಸಿವೆ ಎರಡೂ ಒಂದೇ ಬಳಗ. ಸಾಸಿವೆ ಅರೆದಾಗ ಮೂಗಿಗೆ ಏರುವ ಘಾಟಿನ ಮೂಲ ವಸ್ತು ಗಿಡದಲ್ಲೇ ಇದೆ, ಚಿಟ್ಟೆ ಮೊಟ್ಟೆ ಇಡುವ ಗಿಡವನ್ನು ಗುರುತು ಹಿಡಿಯುವುದು ಅಂಥ ಘಾಟಿನಿಂದಲೇ. ಕೋಸಿನ ಹೊಲದಲ್ಲಿ ಸಾಸಿವೆ ಇದ್ದರೆ ಹೆಚ್ಚಿನ ಪಾಲು ಚಿಟ್ಟೆ ಸಾಸಿವೆಗೇ ಹೋಗುತ್ತದೆ. ಎಲೆ ಹೆಣೆದು ತಿನ್ನುವ ಹುಳು, ಹೇನು ಸಹ ಹಿಂದೆ ಬರುತ್ತವೆ.

ಅವರು ಹೇಳಿದ ಕ್ರಮ ಹೀಗಿತ್ತು. 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಆದರೆ ಎರಡನ್ನೂ ಒಂದೇ ದಿನ ಬಿತ್ತುವುದಲ್ಲ. ಒಂದು ಸಾಲನ್ನು ಕೋಸಿನ ಸಸಿ ನೆಡುವುದಕ್ಕೆ 15 ದಿನ ಮೊದಲೇ ಬಿತ್ತಬೇಕು, ಇನ್ನೊಂದನ್ನು ನೆಟ್ಟ 25 ದಿನಕ್ಕೆ. ಯಾಕೆಂದರೆ ಸಾಸಿವೆಯ ಎಲೆ ಎಳೆಯದಾಗಿರುವಷ್ಟು ದಿನ ಮಾತ್ರ ಚಿಟ್ಟೆಗೆ ಅದರ ಮೇಲೆ ಆಸೆ. ಮೊದಲ ಸಾಲು ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಎರಡನೆಯದು ಎಲೆಗೆ ಬಂದಿರಬೇಕು. ಔಷಧಿ ಹೊಡೆಯುವುದು ಸಾಸಿವೆ ಸಾಲಿಗೆ ಮಾತ್ರ, ಅಂಗಡಿಯಲ್ಲಿ ನುವಾನ್ ಅಂತ ಕೇಳಿ ತರುತ್ತಿದ್ದ ಡೈಕ್ಲೋರ್ವಾಸ್. ಕೋಸಿಗೆ ಬೇಕೆನಿಸಿದರೆ ಬೇವಿನ ಬೀಜದ ಕಷಾಯ. 1990ರ ಡಿಸೆಂಬರಿನಲ್ಲಿ ತೈವಾನ್ ದೇಶದ ತೈನಾನ್‌ನಲ್ಲಿ ಈ ಒಂದೇ ಚಿಟ್ಟೆಯ ಬಗ್ಗೆ ಅಂತರರಾಷ್ಟ್ರೀಯ ಸಮಾವೇಶ ನಡೆದಾಗ ನಮ್ಮ ಪಕ್ಕದ ಹೊಲಗಳ ಈ ಸಾಸಿವೆಯ ಕಥೆ ಅಲ್ಲೂ ಮಂಡನೆಯಾಯಿತು. ಅಂಗುಲ ಉದ್ದವಿಲ್ಲದ ಹುಳುವಿಗಾಗಿ ದೇಶ ದೇಶದವರು ಸೇರಿದ್ದರು ಎಂದರೆ ಅದು ಮಾಡಿದ ಹಾನಿ ಎಷ್ಟು ಎಂದು ತಿಳಿಯಬಹುದು.

ಟೊಮ್ಯಾಟೊದ ಕಥೆ ಇದಕ್ಕಿಂತ ಸ್ವಾರಸ್ಯವಾಗಿದೆ. ನಮ್ಮ ಜಿಲ್ಲೆಗಳಲ್ಲಿ ಕೊಳವೆ ಬಾವಿ ಹೆಚ್ಚಿದಂತೆ, ಹೈಬ್ರಿಡ್ ತಳಿ ಬಂದಂತೆ ಟೊಮ್ಯಾಟೊ ಹೊಲ ಹೊಲಕ್ಕೆ ಹಬ್ಬಿತು, ಕೋಲಾರದ ಮಂಡಿ ದೇಶದ ದೊಡ್ಡ ಟೊಮ್ಯಾಟೊ ಮಂಡಿಗಳಲ್ಲಿ ಒಂದಾಯಿತು. ಜೊತೆಗೆ ಕಾಯಿ ಕೊರೆಯುವ ಹುಳು. ಇದು ಹೊಸ ಹುಳುವಲ್ಲ, ತೊಗರಿ, ಕಡಲೆ, ಅವರೆ, ಹತ್ತಿ ಎಲ್ಲವನ್ನೂ ತಿನ್ನುವ ನಮ್ಮ ಹಳೆಯ ಪರಿಚಯದ ಹೆಲಿಯೋಥಿಸ್. ಅರ್ಧ ಮೈ ಹೊರಗೆ, ತಲೆ ಕಾಯೊಳಗೆ ಇಟ್ಟು ತಿನ್ನುವ ಈ ಹುಳು ಒಂದು ಕಾಯಿ ಮುಗಿಸದೆ ಇನ್ನೊಂದಕ್ಕೆ ಹೋಗುತ್ತದೆ. ತಿಂದದ್ದಕ್ಕಿಂತ ಕೆಡಿಸಿದ್ದೇ ಜಾಸ್ತಿ. 1997-98ರಲ್ಲಿ ಬೀದರ, ಕಲಬುರಗಿ ಕಡೆ ತೊಗರಿಯನ್ನೂ, ಆಂಧ್ರದ ವಾರಂಗಲ್ ಕಡೆ ಹತ್ತಿಯನ್ನೂ ಇದು ಹೇಗೆ ತಿಂದು ಹಾಕಿತು, ಔಷಧಿಯ ಸಾಲ ತೀರಿಸಲಾಗದೆ ಎಷ್ಟು ರೈತರು ಪ್ರಾಣ ಕಳೆದುಕೊಂಡರು ಎಂಬುದನ್ನು ಆಗಿನ ಪತ್ರಿಕೆ ಓದಿದವರು ಮರೆತಿರಲಾರರು. ಎಷ್ಟೋ ಮಂದಿ ಕುಡಿದದ್ದೂ ಅದೇ ಔಷಧಿಯನ್ನು.

ಶ್ರೀನಿವಾಸನ್, ಕೃಷ್ಣಮೂರ್ತಿ ಮತ್ತು ಟಿ.ಎನ್. ರವಿಪ್ರಸಾದ್ ಅವರು 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಲವು ಗಿಡಗಳನ್ನು ನೋಡಿ ಕೊನೆಗೆ ಆರಿಸಿದ್ದು ನಮ್ಮ ಚೆಂಡು ಹೂವನ್ನು. ಅದೂ ಎತ್ತರ ಬೆಳೆಯುವ, ಹಳದಿ ಕಿತ್ತಳೆ ಬಣ್ಣದ ದೊಡ್ಡ ಹೂವಿನ ಜಾತಿ. ಅವರು ಬಳಸಿದ ತಳಿಯ ಹೆಸರು ಗೋಲ್ಡನ್ ಏಜ್. ಹೆಲಿಯೋಥಿಸ್ ಚಿಟ್ಟೆ ಸಂಜೆ ಕತ್ತಲಲ್ಲಿ ಮೊಟ್ಟೆ ಇಡಲು ಬಂದಾಗ ಟೊಮ್ಯಾಟೊ ಎಲೆ ಬಿಟ್ಟು ಚೆಂಡಿನ ಮೊಗ್ಗು, ಹೂವನ್ನು ಆರಿಸಿಕೊಳ್ಳುತ್ತದೆ. ಮರಿ ಹುಳು ಅಲ್ಲೇ ಹೂವಿನೊಳಗೆ ತಿಂದುಕೊಂಡು ಇರುತ್ತದೆ. ಇಲ್ಲೊಂದು ತಮಾಷೆ ಇದೆ. ಟೊಮ್ಯಾಟೊ ಅಮೆರಿಕ ಖಂಡದಿಂದ ಬಂದದ್ದು. ನಾವು ಆಯುಧಪೂಜೆಗೆ ಟ್ರ್ಯಾಕ್ಟರಿಗೆ ಹಾಕುವ ಚೆಂಡು ಹೂವೂ ಮೆಕ್ಸಿಕೋ ಕಡೆಯದು, ಅದನ್ನು ಆಫ್ರಿಕದ ಚೆಂಡು ಅಂತ ಕರೆದದ್ದು ಯಾರೋ. ಹುಳು ಮಾತ್ರ ನಮ್ಮದು. ಹೊರಗಿನಿಂದ ಬಂದ ಒಂದು ಗಿಡವನ್ನು ಊರಿನ ಹುಳುವಿನಿಂದ ಕಾಪಾಡಲು ಹೊರಗಿನಿಂದ ಬಂದ ಇನ್ನೊಂದು ಗಿಡ ನಿಂತ ಹಾಗಾಯಿತು.

ರೈತರಿಗೆ ಬಂದ ಶಿಫಾರಸು 16 ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡು. ಈ ಲೆಕ್ಕ ಬಹಳ ಮಂದಿಗೆ ಗೊತ್ತು. ಗೊತ್ತಿಲ್ಲದ್ದು ಸಸಿಯ ವಯಸ್ಸು. ಟೊಮ್ಯಾಟೊ ಸಸಿ 25 ದಿನದ್ದು, ಚೆಂಡಿನ ಸಸಿ 40ರಿಂದ 45 ದಿನದ್ದು ಇರಬೇಕು, ಎರಡನ್ನೂ ಒಂದೇ ದಿನ ನೆಡಬೇಕು. ಆಗ ಟೊಮ್ಯಾಟೊ ಹೂ ಬಿಡುವ ಹೊತ್ತಿಗೆ ಚೆಂಡೂ ಹೂವಿಗೆ ಬರುತ್ತದೆ. ಇಡೀ ಉಪಾಯ ನಿಂತಿರುವುದು ಈ ಹೊಂದಾಣಿಕೆಯ ಮೇಲೆ. ಒಂದೇ ವಯಸ್ಸಿನ ಸಸಿ ನೆಟ್ಟರೆ ಚೆಂಡು ಮೊಗ್ಗಾಗುವಷ್ಟರಲ್ಲಿ ಚಿಟ್ಟೆ ಟೊಮ್ಯಾಟೊದಲ್ಲಿ ಸಂಸಾರ ಹೂಡಿರುತ್ತದೆ. ಆಮೇಲೆ "ಚೆಂಡು ಹಾಕ್ದೆ, ಏನೂ ಆಗ್ಲಿಲ್ಲ" ಎಂಬ ಮಾತು. ನಮ್ಮ ಸುತ್ತಮುತ್ತ ಈ ಪದ್ಧತಿಗೆ ಕೆಟ್ಟ ಹೆಸರು ಬಂದದ್ದು ಹೆಚ್ಚಾಗಿ ಹೀಗೆ ಎಂದು ನಮ್ಮ ಅಭಿಪ್ರಾಯ.

ಚೆಂಡಿನ ಸಾಲಿಗೆ ಬಂದ ಹುಳುವನ್ನು ಏನು ಮಾಡುವುದು ಎಂಬುದು ಎರಡನೆಯ ಮಾತು. ಬಲೆ ಹಾಕಿದವನು ಬಲೆ ಎತ್ತಬೇಕು. ಆಗ ಎಂಡೋಸಲ್ಫಾನ್ ಹೊಡೆಯಿರಿ ಎಂದಿದ್ದರು, ಹುಳುವಿಗೆ ರೋಗ ತರುವ ಎನ್‌ಪಿವಿ ಎಂಬ ವೈರಸ್ ದ್ರಾವಣವೂ ಬಂತು. ಎನ್‌ಪಿವಿಯನ್ನು ಬಿಸಿಲಿಳಿದ ಮೇಲೆ ಹೊಡೆಯಬೇಕು, ಬಿಸಿಲಿಗೆ ವೈರಸ್ ಸತ್ತುಹೋಗುತ್ತದೆ. ರೋಗ ಹತ್ತಿದ ಹುಳು ಗಿಡದ ತುದಿಗೆ ಏರಿ ತಲೆ ಕೆಳಗಾಗಿ ಜೋತು ಸಾಯುತ್ತದೆ, ನೋಡಿದವರಿಗೆ ಮರೆಯುವುದಿಲ್ಲ. ಮೊಟ್ಟೆಯನ್ನೇ ಕೊಲ್ಲುವ ಟ್ರೈಕೋಗ್ರಾಮ ಎಂಬ ಕಣಜದ ಕಾರ್ಡುಗಳನ್ನೂ ಗಿಡಕ್ಕೆ ಕಟ್ಟಬಹುದು. ಇದ್ಯಾವುದೂ ಮಾಡದೆ ಹಬ್ಬದ ರೇಟಿಗೆ ಕಾದು ಹೂವನ್ನು ಗಿಡದಲ್ಲೇ ಬಿಟ್ಟವರ ಹೊಲದಲ್ಲಿ ಚೆಂಡಿನ ಸಾಲು ಹುಳು ಸಾಕುವ ಮನೆಯಾಯಿತು. ಹುಳು ಸಮೇತ ಮಾಲೆ ದೇವರ ಪಟಕ್ಕೂ ಏರಿತು. ಹೂವನ್ನು ಹೊತ್ತಿಗೆ ಸರಿಯಾಗಿ ಬಿಡಿಸಿದರೆ ಮೊಟ್ಟೆ ಮರಿಗಳೂ ಅದರ ಜೊತೆಗೇ ಹೊಲ ಬಿಡುತ್ತವೆ, ಕೈಗೆ ನಾಲ್ಕು ಕಾಸೂ ಬರುತ್ತದೆ.

ಚೆಂಡಿನ ಬೇರಿನ ಕಥೆ ಬೇರೆ. ಅದರ ಬೇರಿನಲ್ಲಿರುವ ಒಂದು ವಸ್ತು ಮಣ್ಣಿನ ಗಂಟು ಬೇರಿನ ಜಂತುವಿಗೆ ವಿಷ ಎಂದು ಹಾಲೆಂಡಿನವರು 1950ರ ದಶಕದಲ್ಲೇ ಕಂಡುಕೊಂಡಿದ್ದರು. ಆದರೆ ಅದಕ್ಕೆ ಹೊಲದ ತುಂಬ ಒಂದು ಬೆಳೆಯಾಗಿ ಚೆಂಡು ಬೆಳೆಯಬೇಕು. ಅಲ್ಲೊಂದು ಇಲ್ಲೊಂದು ಸಾಲಿನಿಂದ ಹೊಲದ ಜಂತು ಹೋಗುವುದಿಲ್ಲ. ಎರಡು ಕೆಲಸವನ್ನೂ ಒಂದೇ ಸಾಲು ಮಾಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕೋಸಿಗೆ ಸಾಸಿವೆ ಹಾಕುವುದು ಒಂದಷ್ಟು ವರ್ಷ ನಡೆದು ನಿಂತುಹೋಯಿತು. ಕಾರಣ ಹುಡುಕಿದರೆ ಒಂದಲ್ಲ. ಎರಡನೇ ಸಾಲು ಬಿತ್ತುವ ದಿನ ಕಳೆ ತೆಗೆಸುವ ಗಡಿಬಿಡಿ, ಮರೆತೇ ಹೋಗುತ್ತದೆ. ಸಾಸಿವೆಗೆ ಔಷಧಿ ಹೊಡೆಯದೆ ಬಿಟ್ಟರೆ ಹುಳು ಅಲ್ಲಿಂದ ಕೋಸಿಗೆ ದಾಟುತ್ತದೆ. ಜಮೀನು ಗುತ್ತಿಗೆಗೆ ಮಾಡುವವನಿಗೆ 25 ಸಾಲಿಗೆ ಎರಡು ಸಾಲು ಬಿಟ್ಟುಕೊಡುವುದೂ ಹೊಟ್ಟೆಯುರಿ. ಅಷ್ಟರಲ್ಲಿ 2000ದ ನಂತರ ಹೊಸ ಜಾತಿಯ ಔಷಧಿಗಳು ಬಂದವು, ಒಂದು ಸಲ ಹೊಡೆದರೆ ಹುಳು ಕಾಣಲಿಲ್ಲ, ಸಾಸಿವೆ ಯಾಕೆ ಬೇಕು ಅಂದರು. ಡಿಡಿಟಿ ಬಂದಾಗಲೂ ಹೀಗೇ ಅಂದಿದ್ದರು. ಅಮೆರಿಕದಲ್ಲಿ 2000ದ ನಂತರ ಇನ್ನೊಂದು ಹಾದಿ ಹುಡುಕಿದರು. ಚಿಟ್ಟೆ ಆಸೆಯಿಂದ ಮೊಟ್ಟೆ ಇಡುತ್ತದೆ, ಆದರೆ ಹುಟ್ಟಿದ ಮರಿ ಅದನ್ನು ತಿಂದು ಬದುಕುವುದಿಲ್ಲ, ಅಂಥ ಒಂದು ಕಾಡು ಗಿಡವನ್ನು ಸಾಸಿವೆಯ ಬಳಗದಲ್ಲೇ ಕಂಡುಕೊಂಡರು. ಔಷಧಿಯೇ ಬೇಡದ ಬಲೆ ಅದು. ಕೀನ್ಯಾ ದೇಶದಲ್ಲಂತೂ ಮೆಕ್ಕೆಜೋಳದ ಕಾಂಡ ಕೊರೆಯುವ ಹುಳುವಿಗೆ ಒಳಗೆ ಡೆಸ್ಮೋಡಿಯಂ ಎಂಬ ಮೇವಿನ ಬಳ್ಳಿ, ಅಂಚಿಗೆ ನೇಪಿಯರ್ ಹುಲ್ಲು ಹಾಕಿ, ಒಂದು ಹುಳುವನ್ನು ದೂಡಿದರೆ ಇನ್ನೊಂದು ಸೆಳೆಯುವ ಕ್ರಮ 1990ರ ದಶಕದಿಂದ ಬೆಳೆದು ಬಂದಿದೆ. ಅದು ನಿಂತದ್ದಕ್ಕೆ ಕಾರಣ ಹುಳು ಒಂದೇ ಅಲ್ಲ, ಹಸುವಿಗೆ ಎರಡು ಬಗೆಯ ಮೇವೂ ಸಿಕ್ಕಿತು. ನಮ್ಮ ಅಕ್ಕಡಿ ನೂರಾರು ವರ್ಷ ನಿಂತದ್ದೂ ಒಗ್ಗರಣೆಯ ಸಾಸಿವೆಯಿಂದ ಅಲ್ಲವೇ? ಬರೀ ಹುಳುವಿಗಾಗಿ ಒಂದು ಸಾಲು ಬಿಟ್ಟುಕೊಡು ಎಂದರೆ ರೈತ ಎರಡು ಬೆಳೆ ನೋಡಿ ಬಿಡುತ್ತಾನೆ.

ಈಗಿನ ಸ್ಥಿತಿಯನ್ನು ಸದಸ್ಯರು ತಿಳಿದಿರಬೇಕು. ಮನೆಯಲ್ಲಿ ಹಳೆಯ ಕೈಪಿಡಿ ಇಟ್ಟುಕೊಂಡವರು ಅದರಲ್ಲಿರುವ ಔಷಧಿಯ ಹೆಸರನ್ನು ಹಾಗೇ ಅನುಸರಿಸುವಂತಿಲ್ಲ. ಎಂಡೋಸಲ್ಫಾನ್‌ಗೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ಸಾಸಿವೆ ಸಾಲಿಗೆ ಹೇಳಿದ್ದ ಡೈಕ್ಲೋರ್ವಾಸ್ 2020ರ ಡಿಸೆಂಬರ್ 31ರಿಂದ ನಿಷೇಧ. ಸಾಲು ಹಾಕುವ ವಿಧಾನ ಹಳೆಯದಾಗಿಲ್ಲ, ಅದರ ಮೇಲೆ ಹೊಡೆಯುತ್ತಿದ್ದದ್ದು ಮಾತ್ರ ಹೋಗಿದೆ. ಬೇವಿನ ಬೀಜದ ಕಷಾಯ ಉಳಿದಿದೆ: 4 ಕೆ.ಜಿ. ಬೀಜದ ತಿರುಳನ್ನು ಪುಡಿ ಮಾಡಿ ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಸೋಸಿ 100 ಲೀಟರ್ ಮಾಡಿಕೊಂಡು, ಎಲೆಗೆ ಅಂಟಲು ಸ್ವಲ್ಪ ಸೋಪು ಬೆರೆಸಿ ಸಂಜೆ ಹೊಡೆಯುವುದು. ಇಷ್ಟು ಕೆಲಸ ಆಗದವರಿಗೆ ಹೆಸರಘಟ್ಟದವರೇ ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪು ಇವೆ.

ಹಾಗೆಯೇ ಚೆಂಡು ಹೂವಿನಿಂದ ಆಗದ ಕೆಲಸವನ್ನೂ ಹೇಳಿಬಿಡುತ್ತೇವೆ. ಟೊಮ್ಯಾಟೊ ಎಲೆ ಮುರುಟುವ ರೋಗ ಬಿಳಿ ನೊಣದಿಂದ ಬರುತ್ತದೆ. ಅದಕ್ಕೆ ಸಸಿ ಮಡಿಗೆ ನೈಲಾನ್ ಪರದೆ, ಹೊಲದ ಸುತ್ತ ಮುಂಚಿತವಾಗಿ ಬೆಳೆಸಿದ ಮೆಕ್ಕೆಜೋಳದ ಒತ್ತು ಸಾಲು, ರೋಗ ತಡೆಯುವ ತಳಿ ಬೇಕು. 2014ರಲ್ಲಿ ದೇಶಕ್ಕೆ ಕಾಲಿಟ್ಟ, ದಕ್ಷಿಣ ಅಮೆರಿಕ ಮೂಲದ ಟ್ಯೂಟಾ ಎಂಬ ಸಣ್ಣ ಪತಂಗ ಎಲೆಯೊಳಗೆ ಸುರಂಗ ಕೊರೆದು ಕಾಯಿಗೆ ಸೂಜಿ ತೂತು ಮಾಡುತ್ತದೆ. ನಮ್ಮವರು ಅದನ್ನು ಊಜಿ ಅನ್ನುವುದೂ ಉಂಟು. ಅದು ಚೆಂಡು ಹೂವಿಗೆ ಮರುಳಾಗುವುದಿಲ್ಲ. ಅದಕ್ಕೆ ಗಂಡು ಪತಂಗವನ್ನು ಸೆಳೆಯುವ ಮೋಹಕ ಬಲೆ ಕಟ್ಟಬೇಕು, ಹುಳು ಬಿದ್ದ ಎಲೆ ಕಾಯಿ ಆರಿಸಿ ಹೂಳಬೇಕು. ಒಂದು ಹುಳುವಿಗೆ ಒಂದು ಗಿಡ. ಎಲ್ಲಕ್ಕೂ ಒಂದೇ ಗಿಡ ಎಂಬುದು ಇಲ್ಲ.

ಕಡೆಯದಾಗಿ ಸಂಘದ ಮಾತು. ಇವತ್ತು ಬಹುತೇಕ ಸದಸ್ಯರು ಟೊಮ್ಯಾಟೊ ಸಸಿಯನ್ನು ಮನೆಯಲ್ಲಿ ಬೆಳೆಸುವುದಿಲ್ಲ, ನರ್ಸರಿಯಿಂದ ಟ್ರೇ ಲೆಕ್ಕದಲ್ಲಿ ತರುತ್ತಾರೆ. ಅಲ್ಲಿ ಚೆಂಡು ಸಸಿ ಸಿಕ್ಕರೂ ಟೊಮ್ಯಾಟೊಗೆ ಹೊಂದುವ ವಯಸ್ಸಿನದು ಸಿಗುವುದು ಅದೃಷ್ಟ. ಸಾಲಿಗೂ ಸಾಲಿಗೂ 90 ಸೆಂ.ಮೀ., ಗಿಡಕ್ಕೂ ಗಿಡಕ್ಕೂ 60 ಸೆಂ.ಮೀ. ಬಿಟ್ಟರೆ ಎಕರೆಗೆ ಸುಮಾರು 7,500 ಗಿಡ ಹಿಡಿಯುತ್ತದೆ. ಹದಿನೇಳರಲ್ಲಿ ಒಂದು ಸಾಲು ಚೆಂಡು ಎಂದರೆ ಅದೇ ಅಂತರದಲ್ಲಿ ಎಕರೆಗೆ 440 ಸಸಿ ಸಾಕು. ಇಷ್ಟು ಸಸಿಗೆ ಒಬ್ಬೊಬ್ಬರೂ ಬೇರೆ ಬೇರೆ ಮಡಿ ಮಾಡುವುದು ಕಷ್ಟ, ಹತ್ತು ಮಂದಿಗೆ ಸೇರಿಸಿ ಒಂದು ಕಡೆ ಬೆಳೆಸುವುದು ಸುಲಭ. ಗೊಬ್ಬರ, ಬೀಜ, ಔಷಧಿ ಮಾರುವ ಸಂಘ ಗೋದಾಮಿನ ಹಿಂದಿನ ಖಾಲಿ ಜಾಗದಲ್ಲಿ ಚೆಂಡಿನ ಸಸಿಯನ್ನೂ ಬೆಳೆಸಿ ಅಸಲಿಗೆ ಕೊಡಬಾರದೇಕೆ ಎಂದು ನಾವು ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಕೇಳುವವರಿದ್ದೇವೆ. ಔಷಧಿ ಮಾರಾಟ ಕಡಿಮೆಯಾದರೆ ಸಂಘದ ಲಾಭಕ್ಕೆ ಪೆಟ್ಟು ಎಂದು ನಿರ್ದೇಶಕರಲ್ಲಿ ಕೆಲವರು ಹೇಳಬಹುದು, ಅದನ್ನೂ ಅಲ್ಲೇ ಎಲ್ಲರೆದುರು ಚರ್ಚಿಸೋಣ. ಸಭೆ ಒಪ್ಪಿದರೆ ಬೇಸಿಗೆ ಟೊಮ್ಯಾಟೊಗೆ ಮೊದಲ ಮಡಿ ಮಾಡಬಹುದು. ಚೆಂಡಿನ ಬೀಜ ಟೊಮ್ಯಾಟೊ ಬೀಜಕ್ಕಿಂತ ಹದಿನೈದು ಇಪ್ಪತ್ತು ದಿನ ಮುಂಚೆಯೇ ಮಡಿಗೆ ಬೀಳಬೇಕು. ಆದ್ದರಿಂದ ಸಸಿ ಬೇಕೆನ್ನುವ ಸದಸ್ಯರು ತಾವು ಟೊಮ್ಯಾಟೊ ನೆಡುವ ದಿನಕ್ಕೆ ಎರಡು ತಿಂಗಳು ಮೊದಲೇ ಎಷ್ಟು ಎಕರೆ, ಯಾವ ವಾರ ಎಂಬುದನ್ನು ಕಾರ್ಯದರ್ಶಿಗಳ ಬಳಿ ಬರೆಸತಕ್ಕದ್ದು.